ಸಹಿ ಇಲ್ಲದ ಎರವಲು

ಮೇ 5, 2025. ಬೆಳಿಗ್ಗೆ 9.40

ನಮ್ಮ ಸಂಶೋಧನಾ ಕೇಂದ್ರದ ಸಾಫ್ಟ್‌ವೇರ್‌ಗೆ ಹತ್ತು ಸೀಟು, ಅಂದರೆ ಒಮ್ಮೆಗೆ ಹತ್ತು ಜನ ಬಳಸಬಹುದು; ಎಂಟು ಭರ್ತಿ. ಸೀಟು ಹಂಚುವ ಲೈಸೆನ್ಸ್ ಸರ್ವರ್ ಸರಿಯಾಗಿದೆ. ಒಂದು ಎಸಿ ಕೆಟ್ಟು, ಕಂಪ್ಯೂಟರ್‌ಗಳಿರುವ ಕ್ಲಸ್ಟರ್ ಕೋಣೆ 27 ಡಿಗ್ರಿ. ಅಟೆಂಡರ್ ಧರ್ಮ ಫಿಲ್ಟರ್ ತೊಳೆದು ಹಾಕಿದ.

"ನಿಮ್ ಕಂಪ್ಯೂಟರ್‌ಗಳಿಗೆ ಮಾಡೋ ಉಪಚಾರ ನಮ್ ಮನೆ ಅಳಿಯಂಗೂ ಇಲ್ಲ ಕಣ್ರೀ ಮೇಡಂ."

ಸಂಶೋಧಕಿ ಶೃತಿ ಬಂದಳು. ಗುಡ್ಡ ಕುಸಿತದ ಲೆಕ್ಕ ಹಾಕುವ ಸಾಫ್ಟ್‌ವೇರ್‌ನ ಒಂದು ಸೀಟು ತನ್ನ ಲ್ಯಾಪ್‌ಟಾಪಿಗೆ ಬೇಕು, ಮೂವತ್ತು ದಿನ. ಹೊಂಗಡಹಳ್ಳದ ಫೀಲ್ಡ್ ಕೆಲಸ, ಅಲ್ಲಿ ನೆಟ್‌ವರ್ಕ್ ಇಲ್ಲ. ಮಾರ್ಚ್‌ನಿಂದ ಇದು ಮೂರನೇ ಸಲ. ನನ್ನ ಲಾಗಿನ್‌ನಲ್ಲೇ ಕೊಟ್ಟೆ. ಫೀಲ್ಡಿಗೆ ಹೋಗುವ ಎಲ್ಲರಿಗೂ ಹಾಗೆಯೇ ಕೊಡುವುದು. ಸರ್ವರ್‌ನಲ್ಲಿ ನನ್ನ ಹೆಸರು. ಒಯ್ದವರು ಯಾರು ಎಂಬುದು ಎರವಲು ಪುಸ್ತಕದಲ್ಲಿ, ಸಹಿಯೊಂದಿಗೆ.

"ನೀನೇ ಬರ್ಕೊಳೆ, ಜೀಪ್ ನಿಂತೈತೆ" ಎಂದಳು.

"ಸಹಿ?"

"ಅಯ್ಯೋ ಮಾರಾಯ್ತಿ, ನನ್ ಹತ್ರಾನೂ ಸಹಿಯಾ?"

ಬರೆದುಕೊಂಡೆ. ಅಪ್ಪ ವನಗೂರಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಸ್ಟೋರ್‌ನಿಂದ ಕತ್ತಿ, ಪಂಪು ಒಯ್ದವರೆಲ್ಲ ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ಧಣಿ ಮನೆಯವರು ಒಯ್ದರೆ ಮಾತ್ರ ಅಪ್ಪನೇ ಬರೆದುಕೊಳ್ಳುತ್ತಿದ್ದರು. ಮನೆಯವರನ್ನು ಸಹಿ ಕೇಳುವುದುಂಟೆ? ಇಲ್ಲಿನ ಪುಸ್ತಕವನ್ನೂ ಅದೇ ಮಾದರಿಯಲ್ಲಿ ಮಾಡಿದ್ದೇನೆ. ಕ್ವಾರ್ಟರ್ಸ್‌ನಲ್ಲಿ ನಾಲ್ಕು ವರ್ಷದಿಂದ ಶೃತಿ, ನಾನು ಒಂದೇ ಕೋಣೆ. ಮನೆಯವಳೇ.

ಮೇ 8

ನಿರ್ದೇಶಕ ಮಹಾದೇವಯ್ಯನವರು ಕರೆದರು. ಜೂನ್ 30ಕ್ಕೆ ನನ್ನ ಕಾಂಟ್ರ್ಯಾಕ್ಟ್ ಮುಗಿಯುತ್ತದೆ. ಅದಾದ ಮೇಲೆ ಖಾಯಂ. ಏಳು ವರ್ಷ ಕಾದದ್ದು.

"ಒಂದೇ ಒಂದು ರಿಮಾರ್ಕ್ ಇಲ್ಲ ಕಣಮ್ಮ ನಿನ್ ಫೈಲಲ್ಲಿ. ಆರ್ಡರ್ ಬರೋವರ್ಗೂ ಹಿಂಗೇ ಇರ್ಲಿ" ಎಂದರು.

ಶೃತಿ ಸಕಲೇಶಪುರದಿಂದ ಕೇಕ್ ತರಿಸಿದಳು. ನನಗಿಂತ ಅವಳಿಗೇ ಹೆಚ್ಚು ಸಂಭ್ರಮ.

ಮೇ 21. ಮಧ್ಯಾಹ್ನ 12.15

ಸಾಫ್ಟ್‌ವೇರ್ ಕಂಪನಿಯಿಂದ ಮೇಲ್. ಪಾಠ, ಸಂಶೋಧನೆಗೆಂದೇ ವಿಶ್ವವಿದ್ಯಾಲಯಕ್ಕೆ ಕೊಟ್ಟ ಸೀಟು ಹಾಸನದ ಒಂದು ಖಾಸಗಿ ರಸ್ತೆ ಕನ್ಸಲ್ಟೆನ್ಸಿಯ ಕಚೇರಿಯಲ್ಲಿ ಬಳಕೆಯಾಗಿದೆ. ಮಾರ್ಚ್‌ನಿಂದ ಈಚೆಗೆ ನಲವತ್ತೊಂದು ದಿನ. ಇಂಟರ್ನೆಟ್ ಸಿಕ್ಕ ಕೂಡಲೇ ಸಾಫ್ಟ್‌ವೇರ್ ತಾನಿರುವ ಜಾಗ ತಿಳಿಸುತ್ತದೆ. ಬಳಕೆದಾರರ ಹೆಸರು: ಗಂಗಾಮಣಿ. ನಾನೇ. ಹೊಣೆ ಯಾರದು ಎಂದು ತಿಳಿಸದಿದ್ದರೆ ಹತ್ತೂ ಸೀಟು ರದ್ದು.

ದಿನಾಂಕ ಹೋಲಿಸಿದೆ. ಎಲ್ಲವೂ ಶೃತಿಯ ಎರವಲಿನ ದಿನಗಳು. ಕನ್ಸಲ್ಟೆನ್ಸಿ ರವಿಚಂದ್ರನದು... ಅವಳು ಮದುವೆಯಾಗಲಿರುವವನು.

ಮೇ 22

ನಿರ್ದೇಶಕರು ವಿಚಾರಣೆಗೆ ಕಮಿಟಿ ಮಾಡಿದ್ದಾರೆ. ಶೃತಿಯನ್ನು ಕೇಳಿದೆ. ಸುಳ್ಳು ಹೇಳಲಿಲ್ಲ. ಅತ್ತಳು.

"ಅವ್ನಿಗೆ ಟೆಂಡರ್ ಇತ್ತು ಕಣೆ. ಎರಡೇ ದಿನ ಅಂದ, ಆಮೇಲ್ ಬಿಡ್ಲೇ ಇಲ್ಲ. ಕಮಿಟಿ ಮುಂದೆ ನಾನೇ ಹೇಳ್ತೀನಿ. ನಿನ್ ಮೇಲ್ ಬರಕ್ ಬಿಡಲ್ಲ."

ಸಿಟ್ಟು ಇಳಿಯಲಿಲ್ಲ. ಆದರೆ ನಂಬಿದೆ. ಇಬ್ಬರೂ ಒಟ್ಟಿಗೇ ಊಟ ಮಾಡಿದೆವು.

ಜೂನ್ 5

ವಿಚಾರಣೆ ಇಪ್ಪತ್ತೈದು ನಿಮಿಷ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಹಾದೇವಯ್ಯನವರು ಶೃತಿಯನ್ನು ಕೇಳಿದರು, ಸೀಟು ಒಯ್ದದ್ದು ಹೌದೇ ಎಂದು.

"ಇಲ್ಲ ಸರ್. ಎಲ್ರೂ ಸಹಿ ಹಾಕೇ ಒಯ್ಯೋದು. ನನ್ ಸಹಿ ಇದ್ರೆ ತೋರಿಸ್ಲಿ."

ಪುಸ್ತಕ ತಿರುವಿದರು. ಮೂವತ್ತೆಂಟು ಎರವಲು, ಮೂವತ್ತೈದು ಸಹಿ. ಉಳಿದ ಮೂರು ಸಾಲು ನನ್ನ ಅಕ್ಷರ.

"ಏನಮ್ಮ ಗಂಗಾಮಣಿ? ಇವ್ರ ಹೆಸ್ರು ನೀನೇ ಬರ್ಕೊಂಡ್ಯಾ? ಬೇರೆ ಸಾಕ್ಷಿ ಏನೈತೆ?"

"ಸೀಟು ಯಾವ ಲ್ಯಾಪ್‌ಟಾಪಿಗೆ ಹೋಯ್ತು ಅಂತ ಸರ್ವರ್ ಲಾಗ್‌ನಲ್ಲಿ ಇರುತ್ತೆ ಸರ್. ಲ್ಯಾಪ್‌ಟಾಪಿನ ಹೆಸರು ಸಮೇತ."

"ಸೋಮವಾರ ಪ್ರಿಂಟ್ ತಗೊಂಡ್ ಬಾ. ಇಲ್ಲಾಂದ್ರೆ ಖಾಯಂ ಮಾತು ಹಂಗಿರ್ಲಿ, ನಿನ್ನ ಮನೆಗ್ ಕಳಿಸ್ಬೇಕಾಗ್ತದೆ."

ಲಾಗ್ ಎಂದಾಗ ಶೃತಿ ಗಾಬರಿಯಾಗಲಿಲ್ಲ. ವ್ಯಾನಿಟಿ ಬ್ಯಾಗಿನ ಜಿಪ್ ಎಳೆದುಕೊಂಡಳು, ಅಷ್ಟೇ.

ಜೂನ್ 6

ಕೋಣೆ ಖಾಲಿ ಮಾಡಿ ಹೋಗಿದ್ದಾಳೆ. ಬಕೆಟ್ಟು ಒಂದೇ ಇತ್ತು—ಅವಳದು. ಬಿಟ್ಟು ಹೋಗಿದ್ದಾಳೆ.

ಧರ್ಮನಿಗೂ ಗೊತ್ತಾಗಿದೆ. "ನಂಗೊಂದು ಸ್ಕ್ರೂಡ್ರೈವರ್ ಕೊಡಕ್ಕೂ ಸಹಿ ಹಾಕಿಸ್ಕೊಂತಿದ್ರಿ. ಅವರಿಗ್ಯಾಕೆ ಬುಟ್ರಿ?"

ಪುಸ್ತಕ ಮುಚ್ಚಿ ಒಳಗಿಟ್ಟೆ.

ಶೃತಿ ಹೆದರಿ ಹಾಗೆ ಹೇಳಿರಬೇಕು. ಮದುವೆ ಗೊತ್ತಾಗಿದೆ. ಕಮಿಟಿಯ ಮುಂದೆ ಕೂತಾಗ ಧೈರ್ಯ ಉಡುಗಿರಬೇಕು. ಸಾಕ್ಷಿಗಳು ತಿರುಗಿಬಿದ್ದ ಸುದ್ದಿ ಪೇಪರಿನಲ್ಲಿ ವಾರಕ್ಕೊಂದು ಓದುತ್ತೇನೆ. ಎಲ್ಲರೂ ಕೆಟ್ಟವರೇ ಇರಲಾರರು.

ಜೂನ್ 9. ಬೆಳಿಗ್ಗೆ 11.05

ದಿನಾ ನಾನು ನೋಡುವ ಪಟ್ಟಿಯಲ್ಲಿ ಬಳಕೆದಾರರ ಹೆಸರು, ಸಮಯ ಮಾತ್ರ ಇರುತ್ತವೆ. ಲ್ಯಾಪ್‌ಟಾಪಿನ ಹೆಸರು ಮೂಲ ಲಾಗ್‌ನಲ್ಲಿ. ಬ್ಯಾಕಪ್ ಡಿಸ್ಕಿನಿಂದ ತೆಗೆದೆ.

ಮೇ 5ರ ಎರವಲು. ಲ್ಯಾಪ್‌ಟಾಪಿನ ಹೆಸರು: ಗಂಗಾಮಣಿ-2.

ನನ್ನ ಹತ್ತಿರ ಲ್ಯಾಪ್‌ಟಾಪೇ ಇಲ್ಲ. ಆ ಹೆಸರನ್ನು ಸರ್ವರ್ ಕೊಡುವುದಿಲ್ಲ. ಲ್ಯಾಪ್‌ಟಾಪ್ ಇಟ್ಟುಕೊಂಡವರೇ ಇಡುವುದು, ಸೆಟ್ಟಿಂಗ್ಸ್‌ನಲ್ಲಿ, ಒಂದು ನಿಮಿಷದ ಕೆಲಸ.

ಏಪ್ರಿಲ್ 3. ಗಂಗಾಮಣಿ-2.

ಮಾರ್ಚ್ 3, ಮೊದಲನೇ ಸಲ. ಅದೇ.

ಎರಡು ಬಾರಿ ಓದಿದೆ. ಆ ದಿನ ನಾನು ಸುಲಭವಾಗಿ ಒಪ್ಪಿರಲಿಲ್ಲ. ಕಾಲು ಗಂಟೆ ಅನುಮಾನಿಸಿದ್ದೆ. "ಆಗಲ್ಲ ಅಂದ್ರೆ ಬಿಡೆ, ಬೇಜಾರಿಲ್ಲ" ಎಂದಿದ್ದಳು, ನನ್ನ ಮೇಜಿಗೆ ಒರಗಿಕೊಂಡು. ಆಗ ಕಂಪನಿಯ ಮೇಲ್ ಇಲ್ಲ, ಕಮಿಟಿ ಇಲ್ಲ, ಹೆದರುವಂಥದ್ದು ಏನೂ ಇಲ್ಲ. ಲ್ಯಾಪ್‌ಟಾಪ್ ಇನ್ನೂ ಅವಳ ಬ್ಯಾಗಿನಲ್ಲಿತ್ತು. ಅದಕ್ಕೆ ನನ್ನ ಹೆಸರು ಇಟ್ಟೇ ತಂದಿದ್ದಳು.

11.20

ಮಹಾದೇವಯ್ಯನವರ ಫೋನ್. "ಎಲ್ಲಮ್ಮ ಪ್ರಿಂಟು? ಕಾಯ್ತಾ ಕೂತಿದೀವಿ."

"ತರ್ತಿದೀನಿ ಸರ್."

ಈ ಸರ್ವರ್‌ನ ಪಾಸ್‌ವರ್ಡ್ ಗೊತ್ತಿರುವುದು ನನಗೊಬ್ಬಳಿಗೇ. ಮೂರು ಸಾಲು ತಿದ್ದಿದರೆ ಕೇಳುವವರಿಲ್ಲ. ಶೃತಿಯ ಹೆಸರನ್ನೇ ಹಾಕಬಹುದು. ಅದು ನಿಜವೂ ಹೌದು.

ತಿದ್ದಲಿಲ್ಲ. ಪ್ರಿಂಟಿಗೆ ಕೊಟ್ಟೆ. ಮೂರು ಪುಟ. ಮೊದಲನೆಯದು ಹೊರಗೆ ಬರುತ್ತಿದೆ, ಮೇಲಿನ ಸಾಲಿನಲ್ಲೇ ಗಂಗಾಮಣಿ-2.