ಮೂಸಿ ನೋಡಿದ ಊದಿನಕಡ್ಡಿ

ಚಿರಂಜೀವಿ ಸೌಭಾಗ್ಯವತಿ ಶೀಲಾಗೆ,

ಹಿರೇಬೆಂಡಿಗೇರಿಯಿಂದ ನಿನ್ನ ಮಾವ ದ್ಯಾಮಪ್ಪ ಬರೆಯುವುದು. ಫೋನ್ ಹಚ್ಚಿದರೆ ನನ್ನ ದನಿ ಏರುತ್ತದೆ. ಅದಕ್ಕೇ ಈ ಕಾಗದ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ, ಸಾವಕಾಶ ಓದು.

ನೀನು ದುಂಡಸಿಗೆ, ತವರಿಗೆ ಹೋಗಿ ಒಂಬತ್ತು ದಿನವಾಯಿತು. ಅಂದು ಪಡಸಾಲೆಯಲ್ಲಿ ನೀನೇ ಹೊಸೆದ ಊದಿನಕಡ್ಡಿ ಹಚ್ಚಿ, ಮೂಗಿನ ಹತ್ತಿರ ಹಿಡಿದು ಪರೀಕ್ಷೆ ಮಾಡುತ್ತಿದ್ದಿ. ನಾನು ಕಸಿದುಕೊಂಡು ನೀರಿನ ಬಕೀಟಿಗೆ ಅದ್ದಿದೆ. "ದೇವರಿಗೆ ಬೆಳಗೂಕಿಂತ ಮೊದ್ಲ ಮೂಸಿದ್ರ ಅದು ಎಂಜಲ ಆತು. ಈ ಮನ್ಯಾಗ ಇದು ನಡಿಯಂಗಿಲ್ಲ" ಅಂದೆ. ನೀನು ಜಗಳ ಆಡಲಿಲ್ಲ. "ಮೂಸಿ ನೋಡದ ಹೆಂಗ ಕೊಡ್ಲಿ, ಮಾವಾರ?" ಎಂದು ಒಂದೇ ಮಾತು ಕೇಳಿ ಬಟ್ಟೆ ಕಟ್ಟಿಕೊಂಡು ಹೋದಿ.

ಮೊನ್ನೆ ಶಿಗ್ಗಾಂವಿಯಲ್ಲಿ, ನಿನ್ನ ಕಡ್ಡಿ ಮಾರಲು ಇಡುತ್ತೇನೆಂದಿದ್ದ ಅತ್ತರಿನ ಅಂಗಡಿಯ ಮುಬಶೀರ ಸಿಕ್ಕಿದ್ದ. ಕಡ್ಡಿ ಹೊಸೆಯುವುದನ್ನೇ ಬಿಟ್ಟೆನೆಂದು ನೀನು ಅವನಿಗೆ ಹೇಳಿ ಕಳಿಸಿದ್ದೀಯಂತೆ. ಶನಿವಾರದೊಳಗೆ ನಿನ್ನ ನಮೂನೆ ಬರದಿದ್ದರೆ ಬೇರೆಯವರ ಮಾಲು ಇಡುತ್ತಾನಂತೆ.

ಮನೆಗೆ ಬಂದು ಸಿಟ್ಟಿನಲ್ಲೇ ಕುಳಿತಿದ್ದೆ. ನನ್ನವ್ವ ನೆನಪಾದಳು. ದೇವರಿಗೆ ಎಡೆ ಹಿಡಿಯುವ ಮೊದಲು ಆಕೆ ಒಂದು ಹನಿ ಸಾರನ್ನೂ ನಾಲಿಗೆಗೆ ಹಚ್ಚಿದವಳಲ್ಲ. ಎಷ್ಟೋ ಹಬ್ಬ ಉಪ್ಪಿಲ್ಲದ ಸಾರಿನಲ್ಲೇ ಮುಗಿದವು. ದೇವರು ಸುಮ್ಮನೆ ಉಂಡ. ಅಪ್ಪ ತಾಟು ತಳ್ಳಿ ಎದ್ದ. ಬೈಸಿಕೊಂಡವಳು ಅವ್ವ. ರುಚಿ ನೋಡಬೇಡ ಎನ್ನುವವನೂ ಅವನೇ, ರುಚಿಯಿಲ್ಲ ಎನ್ನುವವನೂ ಅವನೇ. ನಾನು ಅವನ ಮಗ.

ನೀನು ಒಣಗಲು ಇಟ್ಟಿದ್ದ ಮೊರದಿಂದ ಒಂದು ಕಡ್ಡಿ ತೆಗೆದೆ. ಹಿತ್ತಲ ಬಾಗಿಲಲ್ಲಿ ಕೂತು, ಯಾವ ದೇವರಿಗೂ ತೋರಿಸದೆ ಹಚ್ಚಿದೆ. ತುದಿಯಿಂದ ಬುಡದವರೆಗೂ ಏಳದೆ ಮೂಸಿದೆ. ಮೊದಲಿಗೆ ಲಾವಂಚದ ವಾಸನೆ ತಂಪಾಗಿತ್ತು. ಅರ್ಧಕ್ಕೆ ಬರುವ ಹೊತ್ತಿಗೆ ಲೋಬಾನದ ಹೊಗೆ ಜೋರಾಗಿ ಗಂಟಲು ಹಿಡಿಯಿತು. ಲೋಬಾನ ಕಡಿಮೆ ಮಾಡು. ಸುಳ್ಳು ಹೊಗಳಲು ನನಗೆ ಬರುವುದಿಲ್ಲ. ಆದರೆ ಕಡ್ಡಿ ನಡುವೆ ಒಮ್ಮೆಯೂ ಆರಲಿಲ್ಲ, ಬೂದಿ ಉದುರದೆ ಬಾಗಿ ನಿಂತಿತ್ತು. ಅಂಥ ಹದ ಎಲ್ಲರ ಕೈಗೆ ಬರುವುದಲ್ಲ.

ತಪ್ಪು ನನ್ನದು. ಎದುರಿಗೆ ಹೇಳಲು ಬಾಯಿ ಬರುವುದಿಲ್ಲ, ಬರೆದುಬಿಟ್ಟೆ.

ಪುಡಿಗಳು, ಬಿದಿರಕಡ್ಡಿ, ಹೊಸೆಯುವ ಮಣೆ ಎಲ್ಲ ಕಟ್ಟಿ ನಿನ್ನ ಗಂಡ ಬಸವೇಶನ ಕೈಯಲ್ಲಿ ಈ ಕಾಗದದ ಜೊತೆ ಕಳಿಸಿದ್ದೇನೆ. ಮನೆಗೆ ಯಾವಾಗ ಬರುತ್ತೀ ಎಂಬುದು ನಿನಗೆ ಬಿಟ್ಟದ್ದು. ಶನಿವಾರ ಮಾತ್ರ ಯಾರಿಗಾಗಿಯೂ ನಿಲ್ಲುವುದಿಲ್ಲ. ಅಲ್ಲೇ ಹೊಸೆ. ಹಚ್ಚು. ಮೊದಲು ನೀನೇ ಮೂಸು.

ನಿನ್ನ ಕೈಗೆ ಹೆಸರು ಬರಲಿ, ತಾಯಿ.

ನಿನ್ನ ಸಿಡುಕ ಮಾವ,
ದ್ಯಾಮಪ್ಪ