ಬುದ್ಧಿಹಲ್ಲು ಬಂತೇನೋ ಮಗನೇ

ಕೆಸರೆ, ಮೈಸೂರು
ನವೆಂಬರ್ ೯, ಶನಿವಾರ

ಮುದ್ದಿನ ಮಗ ಲಿಯೋಗೆ,

ಹುಷಾರಾಗಿದ್ದೀಯೇನೋ? ಹೊಟ್ಟೆಗೆ ಸರಿಯಾಗಿ ತಿಂತೀಯಾ? ನನಗೆ ಮಂಡಿನೋವು ಬಿಟ್ಟರೆ ಮತ್ತೇನಿಲ್ಲ. ನಿನ್ನ ವಿಳಾಸ ಗೊತ್ತಿಲ್ಲ, ಇದನ್ನೂ ಬರೆದು ಬೈಬಲ್ಲಿನೊಳಗೆ ಇಡ್ತೀನಿ. ಬಂದಾಗ ಎಲ್ಲಾ ಒಟ್ಟಿಗೆ ಓದು, ಬೈಗುಳಾನೂ ಸೇರಿಸಿ.

ಸೋಮವಾರ ಪೊಲೀಸ್ನೋರು ಫೋನ್ ಮಾಡಿದ್ರು ಕಣೋ. ಮೇಟಗಳ್ಳಿ ಕಡೆ ಪಾಳುಬಿದ್ದ ಶೆಡ್ಡಿನಲ್ಲಿ ಯಾವನೋ ಗಂಡಸಿನ ಮೂಳೆ ಸಿಕ್ಕಿದಾವೆ, ಕತ್ತಿನ ಹತ್ತಿರ ಜಪಸರ ಇತ್ತು, ಬನ್ನಿ ಅಂದ್ರು. ನೀನು ಕಾಣೆಯಾದೆ ಅಂತ ಬರೆಸಿದ್ದೆನಲ್ಲ, ಅದಕ್ಕೆ. ಆಸ್ಪತ್ರೆಗೆ ಓಡಿದೆ. ಅಲ್ಲಿ ನಯನಾ ಅಂತ ಹಲ್ಲಿನ ಡಾಕ್ಟರಮ್ಮ, ಸತ್ತವರ ಹಲ್ಲು ನೋಡಿ ವಯಸ್ಸು ಹೇಳೋರಂತೆ. ಎಕ್ಸ್‌ರೇ ಬೆಳಕಿಗೆ ಹಿಡಿದು, ಬುದ್ಧಿಹಲ್ಲು ಇನ್ನೂ ದವಡೆಯೊಳಗೇ ಇದೆ, ಬೇರು ಅರ್ಧ ಬೆಳೆದಿದೆ ಅಷ್ಟೆ, ಹದಿನಾರು ಹದಿನೇಳರ ಹುಡುಗ ಅಂದ್ರು. ಹದಿನೇಳು ಅಂದಿದ್ದೇ ತಡ, ಅಯ್ಯೋ ನನ್ನ ಲಿಯೋನೇ ಅಂತ ಅಲ್ಲೇ ಕುಸಿದುಬುಟ್ಟೆ. ಎದೆ ಬಡ್ಕೊಂಡು ಅತ್ತೆ.

ಡಾಕ್ಟರಮ್ಮ ನೀರು ಕುಡಿಸಿ, ಮಗ ಯಾವಾಗ ಹೋಗಿದ್ದಮ್ಮ ಅಂತ ಕೇಳಿದ್ರು. ಹೇಳಿದೆ. ಹದಿನಾಲ್ಕು ವರ್ಷ ಆಯ್ತಲ್ಲಮ್ಮ, ಈ ಹುಡುಗ ತೀರಿಕೊಂಡು ವರ್ಷಾನೂ ಆಗಿಲ್ಲ, ನಿಮ್ಮ ಮಗನಿಗೆ ಈಗ ಮೂವತ್ತೊಂದು ಅಂದ್ರು. ಹೆತ್ತವಳಿಗೇ ಹೊಳೀಲಿಲ್ಲ ನೋಡು! ನನ್ನ ಕಣ್ಣಲ್ಲಿ ನೀನಿನ್ನೂ ಅಪ್ಪನ ಹತ್ತಿರ ಜಗಳ ಆಡಿ ಊಟದ ತಟ್ಟೆ ಬಿಟ್ಟು ಎದ್ದು ಹೋದ ಹುಡುಗಾನೇ. ಪ್ರತಿ ಕ್ರಿಸ್‌ಮಸ್‌ಗೂ ಅದೇ ಅಳತೆಗೆ ಷರ್ಟು ತರ್ತಾ ಇದ್ದೀನಿ. ಈ ಸಲದ್ದೂ ಆಗಲೇ ತಂದಿಟ್ಟಿದ್ದೆ.

ನೀನಲ್ಲ ಅಂತ ಸಂತೋಷ ಆಯ್ತು, ಇಲ್ಲ ಅನ್ನಲ್ಲ. ಮನೆಗೆ ಬಂದ ಮೇಲೆ, ನಿನಗೆ ಬುದ್ಧಿಹಲ್ಲು ಬರೋವಾಗ ದವಡೆ ಊದಿರುತ್ತೆ, ಯಾರು ಲವಂಗ ಇಟ್ಟರೋ ಅನ್ನಿಸಿ ಬಾಗಿಲು ಹಾಕ್ಕೊಂಡು ಅತ್ತೆ. ಈಗ ನೀನು ಎದುರಿಗೆ ಬಂದರೆ ಗುರುತು ಹಿಡೀತೀನೋ ಇಲ್ವೋ. ನಿಮ್ಮಪ್ಪ ತೀರಿಕೊಂಡ ಮೇಲೆ ಒಬ್ಬಳಿಗೇ ಅನ್ನ ಮಾಡ್ಕೊಳ್ಳೋದು ತುಂಬಾ ಬೇಜಾರು ಕಣೋ.

ಎಲ್ಲೇ ಇರು, ಮರಿಯಮ್ಮ ನಿನ್ನ ಕಾಯಲಿ.

ನಿನ್ನ ಅಮ್ಮ,
ಲೂರ್ದಮ್ಮ

ಹೇಳೋದೇ ಮರೆತೆ: ಆ ಹುಡುಗನನ್ನ ಕೇಳಿಕೊಂಡು ಯಾರೂ ಬರಲಿಲ್ಲ. ಠಾಣೆಯವರನ್ನೂ ಫಾದರನ್ನೂ ಬೇಡ್ಕೊಂಡು ಇವತ್ತು ಬೆಳಿಗ್ಗೆ ಮಣ್ಣು ಮಾಡಿಸಿದೆ. ನಿನ್ನ ಷರ್ಟು ಅವನ ಜೊತೆ ಇಟ್ಟೆ. ನಿಮ್ಮಪ್ಪನ ಪಕ್ಕದಲ್ಲಿ ನನಗೆ ಅಂತ ಇಟ್ಟಿದ್ದ ಜಾಗಾನೂ ಅವನಿಗೇ ಕೊಟ್ಟುಬುಟ್ಟೆ. ಇನ್ನು ನನಗೆ ಜಾಗ ನೋಡಬೇಕಾದವನು ನೀನೇ. ಬಾರೋ.