ಸೆಲೂನಿನ ಮೇಲಿನ ಬಾಣಂತಿ

ಮಾರ್ಚ್ 4, ಬೆಳಿಗ್ಗೆ

ಬಕೆಟ್ ಇಟ್ಟ ಜಾಗದಲ್ಲೇ ಇದೆ. ಮಳೆಗೆ ಇನ್ನೂ ದಿನವಿದೆ, ಆದರೂ ಇರಲಿ. ತಾರಸಿಯ ಬಿರುಕು ಸರಿಯಾಗಿ ನನ್ನ ತಿರುಗುವ ಕುರ್ಚಿಯ ನೆತ್ತಿಗೇ ಬಂದಿದೆ. ಹೋದ ಮಳೆಗಾಲದಲ್ಲಿ ಗಿರಾಕಿಗಳು ಕೇಳದಿದ್ದರೂ ತಲೆ ತೋಯಿಸಿ ಕಳಿಸಿದ್ದೇನೆ. ಒಬ್ಬನಂತೂ ಅರ್ಧ ಶೇವಿಂಗಿನಲ್ಲಿ ಕೊಡೆ ಬಿಚ್ಚಿದ.

ಈ ಸಲ ಬಿಡುವುದಿಲ್ಲ. ಮೇಸ್ತ್ರಿ ಒಪ್ಪಿದ್ದಾನೆ. ಆತ ದಡದವನು; ವರ್ಷಕ್ಕೊಮ್ಮೆ, ಏಪ್ರಿಲ್ ಕೊನೆಗೆ, ನಮ್ಮ ದ್ವೀಪಕ್ಕೆ ಬಂದು ಎಲ್ಲರ ಬಿರುಕನ್ನೂ ಒಂದೇ ಸುತ್ತಿನಲ್ಲಿ ಮುಚ್ಚಿ ಹೋಗುತ್ತಾನೆ. ತಪ್ಪಿಸಿಕೊಂಡವನು ಮುಂದಿನ ವರ್ಷದವರೆಗೆ ನೆನೆಯಬೇಕು.

ಸಂಜೆ ಪರಿಸರ ಕಮಿಟಿ ಮೀಟಿಂಗ್. ನಾನು ಸೆಕ್ರೆಟರಿ. ಹೇಗೆ ಆದೆ ಎಂದರೆ, ಅಕ್ಕ ಅಧ್ಯಕ್ಷೆ. ನರ್ಸಾಗಿ ಇಡೀ ದ್ವೀಪಕ್ಕೆ ಸೂಜಿ ಚುಚ್ಚಿದವಳು. ರಿಟೈರಾದ ಮೇಲೆ ಕೈ ಕಡಿಯುತ್ತಿತ್ತು. ಪರಿಸರ ಸಿಕ್ಕಿತು, ತಮ್ಮ ಸಿಕ್ಕಿದ.

ಮಾರ್ಚ್ 5

ಮೀಟಿಂಗ್ ಮುಗಿಯಿತು. ಕುರ್ಚಿಗಳು ಉಳಿದಿವೆ. ಅದೇ ಸಾಧನೆ.

ವಿಷಯ, ರೀವ ಹಕ್ಕಿ. ಬಿಳಿ ಮೈ, ಕರಿ ಟೊಪ್ಪಿ. ಹಿಡಿಯಷ್ಟು ದೇಹ, ಬೊಗಸೆಯಷ್ಟು ಕೋಪ. ಏಪ್ರಿಲಿನಲ್ಲಿ ಬಂದು ನಮ್ಮ ಮರಳಿನ ಮೇಲೆ, ಬಟಾಬಯಲಿನಲ್ಲಿ ಮೊಟ್ಟೆ ಇಡುತ್ತದೆ. ಗೂಡು ಗೀಡು ಕಟ್ಟುವ ಕಷ್ಟ ಅದಕ್ಕಿಲ್ಲ. ಹಿಂದೆ ಹಿಂಡುಗಟ್ಟಲೆ ಬರುತ್ತಿದ್ದವು. ಹೋದ ವರ್ಷ ಬಂದವು ಬೆರಳೆಣಿಕೆ. ಪ್ಲಾಸ್ಟಿಕ್ ಚೀಲದಲ್ಲಿ ಮರಿಗಳು ಸಿಕ್ಕಿಬೀಳುತ್ತಿವೆ, ತೀರವನ್ನು ಸ್ವಚ್ಛ ಮಾಡಿ ಎಂದು ಹಕ್ಕಿ ಮೇಡಂ ಹೇಳಿ ಕಳಿಸಿದ್ದಾರೆ. ದಡದ ಕಾಲೇಜಿನಲ್ಲಿ ಹಕ್ಕಿಗಳ ಬಗ್ಗೆ ಪಾಠ ಮಾಡುವವರು.

ಸ್ವಚ್ಛ ಮಾಡುವುದು ಎಂದು ತೀರ್ಮಾನ. ಯಾರು ಮಾಡುವುದು ಎಂಬಲ್ಲಿ ಯಥಾಪ್ರಕಾರ ಯುದ್ಧ. ಜೆಟ್ಟಿ ಕಡೆಯವರಿಗೆ ಲಾಂಚ್ ಡ್ರೈವರ್ ನಾಯಕ. ದೀಪಸ್ತಂಭದ ಕಡೆಗೆ ಬೇಕರಿಯವನು. ಈ ದ್ವೀಪದಲ್ಲಿ ಯಾವ ಕೆಲಸವೂ ಪೈಪೋಟಿ ಇಲ್ಲದೆ ನಡೆದದ್ದಿಲ್ಲ. ಒಮ್ಮೆ ಮೌನಾಚರಣೆ ಮುಗಿದ ಮೇಲೆ, ಯಾವ ಕಡೆಯವರು ಹೆಚ್ಚು ಮೌನವಾಗಿದ್ದರು ಎಂದು ಕಾಲರ್ ಹಿಡಿದುಕೊಂಡಿದ್ದಾರೆ.

ನಿಯಮ ಬರೆದವನು ನಾನೇ. “ಗೂಡಿನಿಂದ ಐವತ್ತು ಹೆಜ್ಜೆಯೊಳಗೆ, ಮರಿ ಹಾರುವ ತನಕ, ಯಾರೂ ಸುಳಿಯತಕ್ಕದ್ದಲ್ಲ, ಕೂಗತಕ್ಕದ್ದಲ್ಲ, ಕುಟ್ಟತಕ್ಕದ್ದಲ್ಲ, ಕೆದಕತಕ್ಕದ್ದಲ್ಲ, ಅವರು ಯಾರೇ ಆಗಿರಲಿ.” ಕೊನೆಯ ಮೂರು ಪದ ಡ್ರೈವರನಿಗೆಂದೇ ಸೇರಿಸಿದ್ದು. ಬರೆದಾಗ ಬಹಳ ಖುಷಿಯಾಯಿತು.

ಮಾರ್ಚ್ 12, ಸಂಜೆ

ಸೊಂಟ ನನ್ನದಲ್ಲ.

ಮಧ್ಯಾಹ್ನದೊಳಗೆ ಪ್ಲಾಸ್ಟಿಕ್ ಪೂರ್ತಿ ಹೋಯಿತು. ಅಲ್ಲಿಗೆ ನಿಲ್ಲಿಸಿದ್ದರೆ ನಾವು ಮನುಷ್ಯರು. ಬೇಕರಿಯವನ ಕಡೆ ಒಣಗಿದ ಪಾಚಿ ಎತ್ತತೊಡಗಿತು. ಅದನ್ನು ಕಂಡ ಡ್ರೈವರ್ ತನ್ನವರಿಗೆ ಚಿಪ್ಪು ಆರಿಸಲು ಹಚ್ಚಿದ. ಆ ಕಡೆ ಚಿಪ್ಪಿನ ಜೊತೆ ಕಡ್ಡಿ. ಈ ಕಡೆ ಕಡ್ಡಿಯ ಜೊತೆ ಬೆಣಚುಕಲ್ಲು. ನಾಲ್ಕು ಗಂಟೆಗೆ ಪೊರಕೆ ಬಂದವು. ಸಮುದ್ರ ತೀರವನ್ನು ಗುಡಿಸುವ ಜನವನ್ನು ಇವತ್ತು ಕಣ್ಣಾರೆ ಕಂಡೆ. ಅವರಲ್ಲಿ ನಾನೂ ಒಬ್ಬ.

ಈಗ ತೀರ, ಬೀಗರು ಬರುವ ಮನೆಯ ಅಂಗಳದಂತಿದೆ. ಅಕ್ಕ ಕೈಕಟ್ಟಿ ನಿಂತು ನೋಡಿದಳು. “ಇಷ್ಟು ಚೆಂದ ನಿನ್ನ ಮದುವೇಲೂ ಗುಡಿಸಿರ್ಲಿಲ್ಲ ಕಣೋ.”

ಗುಡ್ಡೆ ಬಿದ್ದ ಚಿಪ್ಪು ಏನು ಮಾಡುವುದು? ಯಾರದು ಹೆಚ್ಚು ಎಂದು ತೂಗುವ ತನಕ ಎಸೆಯುವ ಹಾಗಿಲ್ಲ. ಜೆಟ್ಟಿ ಕಡೆ ಇಟ್ಟರೆ ಅವರು ಸೇರಿಸುತ್ತಾರೆ, ದೀಪದ ಕಡೆ ಇಟ್ಟರೆ ಇವರು ಕದಿಯುತ್ತಾರೆ. ನಡುವೆ ಇಡಬೇಕು. ದ್ವೀಪದ ನಟ್ಟನಡುವೆ ಇರುವುದು ಯಾವುದು? ನನ್ನ ಸೆಲೂನ್. ಹೊರಗಿಂದಲೇ ಮೆಟ್ಟಿಲು, ಮೇಲೆ ಚಪ್ಪಟೆ ತಾರಸಿ, ಸುತ್ತ ಮೋಟುಗೋಡೆ. ಹೇಳಿ ಮಾಡಿಸಿದ ಹಾಗೆ.

“ಎರಡೇ ದಿನ ಕಣೋ,” ಅಂದಳು ಅಕ್ಕ.

ಬುಟ್ಟಿ ಬುಟ್ಟಿ ಹೊತ್ತು ಸುರಿದರು. ನಡುವೆ ಹಗ್ಗ ಎಳೆದರು. ಹಗ್ಗದ ಈಚೆ ಜೆಟ್ಟಿ ಚಿಪ್ಪು, ಆಚೆ ದೀಪದ ಚಿಪ್ಪು. ಕೆಳಗೆ ಬಿರುಕು, ಬಿರುಕಿನ ಕೆಳಗೆ ನಾನು.

ಮಾರ್ಚ್ 25

ಎರಡು ದಿನ ಇನ್ನೂ ಮುಗಿದಿಲ್ಲ. ಯಾರ ತಕ್ಕಡಿಯಲ್ಲಿ ತೂಗಬೇಕು ಎಂಬ ವಿಚಾರಕ್ಕೆ ಉಪಸಮಿತಿ ಆಗಿದೆ. ಬೇಕರಿಯ ತಕ್ಕಡಿಯನ್ನು ಡ್ರೈವರ್ ನಂಬುವುದಿಲ್ಲ. ಬ್ರೆಡ್ ಕೊಳ್ಳುವಾಗ ನಂಬುತ್ತಾನೆ.

ಅಕ್ಕನಿಗೆ ಹೇಳಿದೆ, ಮೇಸ್ತ್ರಿ ಬರುವುದರೊಳಗೆ ತಾರಸಿ ಖಾಲಿಯಾಗಬೇಕು ಎಂದು. “ಊರಿಗೆ ಹಕ್ಕಿ ಚಿಂತೆ, ಇವನಿಗೆ ಬಕೆಟ್ ಚಿಂತೆ.”

ಏಪ್ರಿಲ್ 6

ಬಂದವು.

ಇಡೀ ದ್ವೀಪ ದಂಡೆಯ ಕಟ್ಟೆ ಮೇಲೆ ಕೂತಿತ್ತು. ಹಕ್ಕಿಗಳು ಒಂದು ಸುತ್ತು ಹಾಕಿದವು. ಇನ್ನೊಂದು. ಕೆಳಗೆ ಇಳಿದಂತೆ ಮಾಡಿ ಮೇಲೇರಿದವು. ಬಾಡಿಗೆ ಮನೆ ನೋಡಲು ಬಂದವರು ಬಾಗಿಲಲ್ಲೇ ಮೂಗು ಮುರಿದು ಹೋಗುತ್ತಾರಲ್ಲ, ಹಾಗೆ. ಒಂದೂ ಕೂರಲಿಲ್ಲ.

“ಇಷ್ಟು ನೀಟಾಗಿದೆ. ಇನ್ನೇನು ಕಾರ್ಪೆಟ್ ಹಾಸ್ಬೇಕಾ ಇವಕ್ಕೆ?” ಬೇಕರಿಯವನು.

“ನಿನ್ನ ಸೀದ ಬ್ರೆಡ್ಡಿನ ವಾಸನೆಗೆ ಓಡಿದ್ವು.”

“ನಿನ್ನ ಡೀಸೆಲ್ಲು ಗಂಧ ಅಲ್ವಾ ಮತ್ತೆ.”

ಅಕ್ಕ ಇಬ್ಬರನ್ನೂ ಬೈಯದೆ ಮೇಡಂಗೆ ಫೋನ್ ಹಚ್ಚಿದಳು. ಅದು ಹೆದರಬೇಕಾದ ವಿಷಯ.

ಏಪ್ರಿಲ್ 9

ಹಕ್ಕಿ ಮೇಡಂ ಲಾಂಚಿನಿಂದ ಇಳಿದರು. ತೀರ ನೋಡಿದರು. ಬಹಳ ಹೊತ್ತು ನೋಡಿದರು.

“ಚಿಪ್ಪು, ಪಾಚಿ… ಎಲ್ಲಿ ಹೋಯ್ತು?”

“ಒಂದೂ ಬಿಟ್ಟಿಲ್ಲ ಮೇಡಂ,” ಅಂದಳು ಅಕ್ಕ. ಆ ಹೆಮ್ಮೆಯನ್ನು ನೆನೆದರೆ ಈಗಲೂ ನನಗೇ ನಾಚಿಕೆ.

ಮೇಡಂ ಮರಳ ಮೇಲೆ ಕೂತೇಬಿಟ್ಟರು. ಮೊಟ್ಟೆ ಚುಕ್ಕೆಚುಕ್ಕೆ ಇರುತ್ತದಂತೆ. ಚಿಪ್ಪು ಕಲ್ಲುಗಳ ನಡುವೆ ಇದ್ದರೆ ಕಾಗೆಗೆ ಗುರುತು ಹತ್ತುವುದಿಲ್ಲ. ಬರೀ ಮರಳ ಮೇಲೆ ಇಟ್ಟರೆ ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ. “ಬಾಗಿಲು ತೆರೆದಿಟ್ಟು, ಕೂಸನ್ನ ನಡುಮನೇಲಿ ಮಲಗಿಸಿ ಯಾರಾದ್ರೂ ಹೋಗ್ತಾರಾ?” ಎಂದರು. ಮೆಲ್ಲಗೇ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕನ ಮುಖ ನೋಡಲಾಗಲಿಲ್ಲ. ಬೈಸಿಕೊಂಡ ಹತ್ತು ವರ್ಷದ ಹುಡುಗಿಯ ಹಾಗೆ ನಿಂತಿದ್ದಳು.

ಸರಿ, ವಾಪಸ್ ಸುರಿಯೋಣ ಎಂದೆ. ಈಗಲೇ, ಎಲ್ಲವನ್ನೂ, ನನ್ನ ತಾರಸಿಯಿಂದ. ನನ್ನಷ್ಟು ಪರಿಸರಪ್ರೇಮಿ ಆ ಹೊತ್ತಿಗೆ ಭೂಮಿಯ ಮೇಲೆ ಇರಲಿಲ್ಲ.

“ತೂಕ ಆಗ್ಲಿ ಮೊದಲು,” ಎಂದ ಡ್ರೈವರ್.

“ನಮ್ ಚಿಪ್ಪು ನಿಮ್ ಮರಳಿಗೆ ಬಿದ್ರೆ?” ಎಂದ ಬೇಕರಿಯವನು.

ಮೇಡಂ ನನ್ನ ಕಡೆ ನೋಡಿದರು. ನಾನು ಸಮುದ್ರದ ಕಡೆ ನೋಡಿದೆ.

ಏಪ್ರಿಲ್ 16

ಮೂರನೇ ಮೀಟಿಂಗ್. ಭಾನುವಾರ ಸುರಿಯುವುದೆಂದು ತೀರ್ಮಾನ. ಯಾವ ಭಾನುವಾರ ಎಂಬುದನ್ನು ಮುಂದಿನ ಮೀಟಿಂಗಿಗೆ ಇಟ್ಟಿದ್ದಾರೆ.

ಹಕ್ಕಿಗಳ ಹಿಂಡು ಹೊರಟುಹೋಗಿದೆ. ಆಕಾಶ ಖಾಲಿ. ಅಕ್ಕ ಮಾತ್ರ ದಿನಾ ಹೋಗಿ ಕಟ್ಟೆ ಮೇಲೆ ಕೂರುತ್ತಾಳೆ.

ಏಪ್ರಿಲ್ 18, ಬೆಳಿಗ್ಗೆ

ಇವರನ್ನು ನಂಬಿದರೆ ಆಯಿತು ಎಂದು ನಾನೇ ಬುಟ್ಟಿ ಹಿಡಿದು ತಾರಸಿ ಹತ್ತಿದೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ನೆತ್ತಿಗೆ ಮೊಳೆ ಹೊಡೆದಂತಾಯಿತು. ತಿರುಗಿದರೆ ಮತ್ತೊಂದು. ಬಿಳಿ ಮೈ, ಕರಿ ಟೊಪ್ಪಿ.

ಸರಿಯಾಗಿ ಹಗ್ಗದ ಪಕ್ಕ, ಚಿಪ್ಪುಗಳ ನಡುವೆ, ಮೂರು ಮೊಟ್ಟೆ.

ಕೆಳಗಿಳಿದೆ. ನೆತ್ತಿಯ ರಕ್ತ ನೋಡಿ ಹೆಂಡತಿ ಕೇಳಿದಳು, “ಯಾರು ಕುಕ್ಕಿದ್ದು?”

“ಅಕ್ಕ,” ಅಂದೆ.

“ಹಾಗನ್ಕೊಂಡೆ,” ಎಂದು ಅರಿಸಿನ ಹಚ್ಚಿದಳು.

ಏಪ್ರಿಲ್ 18, ಮಧ್ಯಾಹ್ನ

ಮೇಸ್ತ್ರಿ ಬರುವುದು ಇಪ್ಪತ್ತಾರಕ್ಕೆ. ಮೊಟ್ಟೆ ನೋಡಿದವನು ನಾನೊಬ್ಬನೇ. ಮೊಟ್ಟೆ ಚುಕ್ಕೆಚುಕ್ಕೆ, ಚಿಪ್ಪಿನ ನಡುವೆ ಗುರುತು ಹತ್ತುವುದಿಲ್ಲ. ಸ್ವತಃ ಮೇಡಂ ಹೇಳಿದ ಮಾತು. ಗುರುತು ಹತ್ತಲಿಲ್ಲ ಎಂದರೆ ಯಾರು ತಾನೆ…

ಬರೆಯುವಾಗಲೇ ಇಷ್ಟು ಅಸಹ್ಯವಾಗಿ ಕಾಣುತ್ತದೆ. ಮಾಡುವಾಗ ಹೇಗೆ ಕಾಣಬಹುದು.

ಇಷ್ಟು ದೊಡ್ಡ ಸಮುದ್ರದಲ್ಲಿ ಇದಕ್ಕೆ ಬೇರೆ ಸೂರು ಸಿಗಲಿಲ್ಲವೆ?

ಏಪ್ರಿಲ್ 26

ಮೇಸ್ತ್ರಿ ಬಂದ. ಮೆಟ್ಟಿಲ ಮೇಲೆ ಕಾಲಿಟ್ಟ. ಕೈಯಲ್ಲಿ ಸುತ್ತಿಗೆ. ಎಂಟು ದಿನ ಬಾಯಿ ಕಟ್ಟಿಕೊಂಡಿದ್ದವನು, ಇನ್ನೂ ಹೇಗಾದರೂ ಆದೀತು ಎಂದುಕೊಂಡಿದ್ದವನು, ಅವನ ಅಂಗಿ ಹಿಡಿದು ಎಳೆದೆ.

“ಈಗ ಬೇಡ.”

“ಈಗ ಬೇಡ ಅಂದ್ರೆ ಮುಂದಿನ ವರ್ಷಾನೇ ಸ್ವಾಮಿ.”

“ಗೊತ್ತು.”

“ನೀವೇ ಅಲ್ವಾ ನಾಲ್ಕು ಸಲ ಫೋನ್ ಮಾಡಿದ್ದು? ಏನಾಯ್ತು?”

“ಮೇಲೆ ಬಾಣಂತಿ ಇದ್ದಾಳೆ.”

ಮೇಸ್ತ್ರಿ ನನ್ನನ್ನು ನೋಡಿದ. ತಾರಸಿ ನೋಡಿದ. ಹೊರಗೆ ಬಂದ ನನ್ನ ಹೆಂಡತಿಯನ್ನು ನೋಡಿದ. ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಬೇಗ ಬೇಗ ನಡೆದ.

ದಾರಿಯಲ್ಲಿ ಯಾರಿಗೆ ಏನು ಹೇಳಿದನೋ, ಹತ್ತು ನಿಮಿಷದಲ್ಲಿ ಅಕ್ಕ ಹಾಜರು. ಮೆಟ್ಟಿಲ ಕೆಳಗೆ ನಿಂತು, ಮೇಲಿನ ಹಕ್ಕಿಯ ಕೀಚಲು ದನಿ ಕೇಳಿದಳು. ಕಣ್ಣು ಒರೆಸಿಕೊಂಡಳು. ನನ್ನ ತಲೆ ಸವರಿದಳು. ಹಕ್ಕಿ ಕುಕ್ಕಿದ ಜಾಗದ ಮೇಲೆಯೇ. ಆಮೇಲೆ ಗಂಟಲು ಸರಿಮಾಡಿಕೊಂಡು, “ಐವತ್ತು ಹೆಜ್ಜೆ. ಯಾರೇ ಆಗಿರಲಿ,” ಎಂದಳು.

ಸೆಲೂನ್ ಬಂದ್. ಕುರ್ಚಿಯನ್ನು ಜೆಟ್ಟಿಯ ಶೆಡ್ಡಿಗೆ ಹೊತ್ತವನು ಡ್ರೈವರ್. ದಾರಿಯುದ್ದಕ್ಕೂ ನನ್ನ ನಿಯಮವನ್ನು ರಾಗವಾಗಿ ಹೇಳುತ್ತಿದ್ದ.

ಮೇ 10

ಎರಡು ಒಡೆದಿವೆ. ಮೂರನೆಯದು ಏನೂ ಆಗಲಿಲ್ಲ. ಐವತ್ತೊಂದನೇ ಹೆಜ್ಜೆಯಲ್ಲಿರುವ ಎದುರು ಮನೆಯ ಮಹಡಿ ಕಿಟಕಿಯಿಂದ ಹೆಂಡತಿ ದುರ್ಬೀನು ಹಿಡಿದು ವರದಿ ಕೊಡುತ್ತಾಳೆ. ನನ್ನ ಆರೋಗ್ಯವನ್ನು ಇಷ್ಟು ಹತ್ತಿರದಿಂದ ಆಕೆ ಎಂದೂ ನೋಡಿದ್ದಿಲ್ಲ.

ಮರಿಗಳು ಹುಟ್ಟಿದ್ದು ಹಗ್ಗದ ಯಾವ ಕಡೆ ಎಂಬ ಪ್ರಶ್ನೆ ಎದ್ದಿತ್ತು. ಮರಿಗಳೇ ಎರಡೂ ಕಡೆ ಓಡಾಡಿ ಬಗೆಹರಿಸಿವೆ. ಈಗ ಪೈಪೋಟಿ ಸದ್ದಿನದು. ಡ್ರೈವರ್ ದೂರದಲ್ಲೇ ಎಂಜಿನ್ ನಿಲ್ಲಿಸಿ ಹುಟ್ಟು ಹಾಕುತ್ತ ಬರುತ್ತಾನೆ. ಪ್ರಯಾಣಿಕರು ಶಾಪ ಹಾಕುತ್ತಾರೆ, ಪಿಸುದನಿಯಲ್ಲಿ. ಬೇಕರಿಯವನು ಟ್ರೇಗಳ ಕೆಳಗೆ ಬಟ್ಟೆ ಹಾಸಿದ್ದಾನೆ. ಅವನ ಬಾಗಿಲ ಕೀಲುಗಳಿಗೆ ಎಣ್ಣೆ ಬಿದ್ದದ್ದು ಅವನ ಮದುವೆಯಾದ ಮೇಲೆ ಇದೇ ಮೊದಲು.

ತೀರಕ್ಕೆ ಪಾಚಿ, ಕಡ್ಡಿ ತಾನಾಗಿ ಬರುತ್ತಿದೆ. ಸಮುದ್ರಕ್ಕೆ ಉಪಸಮಿತಿ ಬೇಕಿಲ್ಲ.

ಮೇ 17, ಮಧ್ಯಾಹ್ನ ಎರಡು

ಮಳೆ. ಕಾಲಕ್ಕೆ ಮುಂಚೆ. ಧೋ ಎಂದು.

ಹೆಂಡತಿ ನಿಯಮ ಮರೆತು ಕಿಟಕಿಯಿಂದ ಕೂಗಿದಳು: ತಾರಸಿಯಲ್ಲಿ ನೀರು ನಿಲ್ಲುತ್ತಿದೆ. ನೀರು ಹೋಗುವ ಕೊಳವೆಗೆ ಚಿಪ್ಪು ಅಡ್ಡಬಿದ್ದಿದೆ. ತಾಯಿ ಮರಿಗಳನ್ನು ರೆಕ್ಕೆಯ ಕೆಳಗೆ ಹಾಕಿಕೊಂಡು ಚಿಪ್ಪಿನ ಗುಡ್ಡೆ ಮೇಲೆ ಕೂತಿದೆ. ನೀರು ಗುಡ್ಡೆಯ ಅರ್ಧಕ್ಕೆ ಬಂದಿದೆ.

ಅಕ್ಕ ಮೇಡಂಗೆ ಫೋನ್ ಮಾಡಿದಳು. ಯಾರೂ ಹತ್ತಬೇಡಿ, ತಾಯಿ ಎದ್ದರೆ ಮರಿಗಳು ನೆನೆದು ಸಾಯುತ್ತವೆ. ಹತ್ತದಿದ್ದರೆ? ಕೆಳಗಿಂದಲೇ ಏನಾದರೂ ಮಾಡಿ, ಎಂದರು ಮೇಡಂ.

ಎರಡೂ ಕಡೆಯವರು ಬೀದಿಯಲ್ಲಿ ನೆನೆಯುತ್ತ ನಿಂತಿದ್ದರು. ಯಾರೂ ಯಾರನ್ನೂ ಬೈಯಲಿಲ್ಲ. ಕೊಳವೆಗೆ ಕೆಳಗಿಂದ ಕೋಲು ತೂರಿಸಿ ನೋಡಿದರು. ಕೋಲು ಮುರಿಯಿತು.

ಅಕ್ಕ ನನ್ನ ಕಡೆ ತಿರುಗಿದಳು. “ನಿನ್ನ ತಾರಸಿ ಸೋರುತ್ತಲ್ವೇನೋ?”

ಇಷ್ಟು ವರ್ಷದಲ್ಲಿ ಆ ಮಾತನ್ನು ಯಾರೂ ಇಷ್ಟು ಆಸೆಯಿಂದ ಕೇಳಿರಲಿಲ್ಲ.

ಮೇ 17, ಸಂಜೆ ಐದು

ಸೆಲೂನಿನಲ್ಲೇ ಕೂತು ಬರೆಯುತ್ತಿದ್ದೇನೆ. ಕಾಲು ನೀರಲ್ಲಿ.

ಬಾಗಿಲು ತೆಗೆದಾಗ ಸೋರುತ್ತಿತ್ತು. ತೊಟ್ಟು… ತೊಟ್ಟು… ಜಿಪುಣನ ಹಾಗೆ. ಬೇಡವೆಂದಾಗ ಧಾರಾಕಾರ ಸುರಿದ ಬಿರುಕು, ಬೇಕೆಂದಾಗ ಬಿಗುಮಾನ ತೋರಿಸುತ್ತಿತ್ತು. ಮೇಜು ಎಳೆದು ಹತ್ತಿದೆ. ಅಕ್ಕ ಮೇಜಿನ ಕಾಲು ಹಿಡಿದಳು. ಕೈಗೆ ಸಿಕ್ಕಿದ್ದು ನನ್ನ ಒಳ್ಳೆಯ ಕತ್ತರಿ. ಮೇಸ್ತ್ರಿ ಮುಚ್ಚಬೇಕಾಗಿದ್ದ ಬಿರುಕಿಗೆ ಅದರ ತುದಿ ಇಟ್ಟೆ.

“ಮಾಡ್ಲಾ?” ಎಂದೆ.

“ನಿನ್ನ ಸೂರು. ನಾನು ಹೇಳಲ್ಲ,” ಎಂದಳು. ಅಕ್ಕ ಏನನ್ನಾದರೂ ಹೇಳಲಾರೆ ಎಂದದ್ದು ನನ್ನ ಜನ್ಮದಲ್ಲಿ ಇದೇ ಮೊದಲು.

ತಿರುವಿದೆ. ಗಾರೆ ಹಪ್ಪಳದಂತೆ ಕಿತ್ತುಬಂತು. ಇನ್ನೊಂದು ಹೆಂಟೆ. ಮತ್ತೊಂದು. ಆಮೇಲೆ ಮುಖದ ಮೇಲೇ ನೀರು. ಬೇಕರಿಯವನು ಬಕೆಟ್ ಇಟ್ಟ, ಡ್ರೈವರ್ ಎತ್ತಿದ. ಬಕೆಟ್ ಮೇಲೆ ಬಕೆಟ್. ಯಾರು ಎಷ್ಟು ಎತ್ತಿದರು ಎಂದು ಕೇಳಿದವರಿಲ್ಲ. ನಾಳೆ ಕೇಳುತ್ತಾರೆ.

ಮಳೆ ನಿಂತು ಸ್ವಲ್ಪ ಹೊತ್ತಾಯಿತು. ಮೇಲೆ ಸದ್ದಿಲ್ಲ. ನನ್ನ ತಾರಸಿಯ ತೂತಿನಲ್ಲಿ ಈಗ ಆಕಾಶ ಕಾಣುತ್ತದೆ, ಸಾಕಷ್ಟು. ಕತ್ತರಿಯ ಬಾಯಿ ಹೋಗಿದೆ. ಎಲ್ಲರೂ ಬಾಗಿಲಲ್ಲಿ ನಿಂತು ಎದುರು ಮನೆಯ ಕಿಟಕಿಯನ್ನೇ ನೋಡುತ್ತಿದ್ದಾರೆ. ಹೆಂಡತಿ ದುರ್ಬೀನು ಇಳಿಸಿಲ್ಲ. ಇನ್ನೊಂದು ಕೈ ಹೊರಗೆ ಚಾಚಿ ಒಂದು ಬೆರಳು ತೋರಿಸಿದ್ದಾಳೆ. ಒಂದು ಮರಿ ಎಂದೋ, ಒಂದು ನಿಮಿಷ ತಾಳಿ ಎಂದೋ, ಕೂಗಿ ಹೇಳಬಾರದೆ. ನಿಯಮ ಅಂತೆ, ಸದ್ದು ಮಾಡಬಾರದಂತೆ, ಯಾವನೋ ಬರೆದದ್ದು. ಅಕ್ಕ ನನ್ನ ಭುಜ ಹಿಂಡುತ್ತಿದ್ದಾಳೆ. ಅಕ್ಷರ ಸೊಟ್ಟ ಆಗುತ್ತಿದೆ. ತಾಳು, ಕೈ ಅಲುಗಿತು. ಎರಡನೇ ಬೆರಳು ಮೇಲೆ